ಹಳೆಯ ಪೆಟ್ಟಿಗೆ, ಹೊಸ ಕಿಂಡಿ

ಮನುಷ್ಯನು ನಿರ್ಮಿಸಿದ ಯಾವ ಯಂತ್ರವೂ ಸರ್ವಾಂಗದಲ್ಲಿಯೂ ಒಮ್ಮೆಗೇ ಮುಪ್ಪಾಗುವುದಿಲ್ಲ. ಒಂದು ಅಂಗ ಬೇಗನೆ ಸವೆಯುತ್ತದೆ. ಇನ್ನೊಂದು ಬಹುಕಾಲ ಗಟ್ಟಿಯಾಗಿ ನಿಂತಿರುತ್ತದೆ. ಹಂಚಿನ ಮನೆಯಲ್ಲಿ ರೀಪಿಗೆ ಗೆದ್ದಲು ಹಿಡಿದರೆ ರೀಪನ್ನು ಬದಲಿಸುತ್ತೇವೆ, ಹಂಚು ಒಡೆದರೆ ಹಂಚನ್ನು ಬದಲಿಸುತ್ತೇವೆ; ಅದಕ್ಕಾಗಿ ಗೋಡೆಯನ್ನು ಕೆಡಹುವವರಿಲ್ಲ. ಗಣಕಯಂತ್ರದ ವಿಷಯಕ್ಕೆ ಬಂದಾಗ ಮಾತ್ರ ಈ ಸಾಮಾನ್ಯ ವಿವೇಕವು ಅನೇಕರಿಂದ ದೂರವಾಗುತ್ತದೆ. ಒಳಗಿನ ಫಲಕ ಹಳತಾಯಿತೆಂದೊ, ಮುಂಭಾಗದಲ್ಲಿ ಹೊಸ ಬಗೆಯ ಪೋರ್ಟು ಇಲ್ಲವೆಂದೊ, ಉಕ್ಕಿನ ಪೆಟ್ಟಿಗೆಯೂ ಸೇರಿದಂತೆ ಇಡಿಯ ಯಂತ್ರವು ಗುಜರಿ ಅಂಗಡಿಯ ದಾರಿ ಹಿಡಿಯುತ್ತದೆ. ಇದು ಅನಿವಾರ್ಯವೆ? ಬಹುಪಾಲು ಸಂದರ್ಭಗಳಲ್ಲಿ ಅನಿವಾರ್ಯವಲ್ಲವೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಬೈಂದೂರು, ಕುಂದಾಪುರ, ಬ್ರಹ್ಮಾವರ ತಾಲ್ಲೂಕುಗಳ ಶಾಲಾ ಕಾಲೇಜುಗಳಿಗೆ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಅದರ ತಯಾರಕರು ಕೊಡುತ್ತಿದ್ದ ಸಾಮಾನ್ಯ ಬೆಂಬಲ ನಿಂತುಹೋಯಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11 ಅನೇಕ ಹಳೆಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಲಿನಕ್ಸನ್ನು ಅಳವಡಿಸಿ ಅದೇ ಯಂತ್ರವನ್ನು ಇನ್ನು ಕೆಲವು ವರ್ಷ ದುಡಿಸಬಹುದೆಂಬುದು ನಿಜ. ಆದರೂ ಹತ್ತು ಹದಿನೈದು ವರ್ಷಗಳ ಹಿಂದೆ ಕೊಂಡ ಯಂತ್ರಗಳನ್ನು ಏನು ಮಾಡಬೇಕೆಂದು ಪ್ರತಿಯೊಂದು ಪ್ರಯೋಗಶಾಲೆಯೂ ಯೋಚಿಸಬೇಕಾದ ಕಾಲ ಬಂದಿದೆ. ಸಣ್ಣ ಊರಿನ ಕಾಲೇಜಿನಲ್ಲಿ ಈ ಕೆಲಸಕ್ಕೆ ದೊರೆಯುವ ಹಣ ಅಲ್ಪ. ಸಾಧಾರಣ ಪೆಟ್ಟಿಗೆಯೊಂದಕ್ಕೆ ಎರಡು ಸಾವಿರ ರೂಪಾಯಿಯೆಂದು ಹಿಡಿದರೂ ಇಪ್ಪತ್ತು ಯಂತ್ರಗಳಿಗೆ ನಲವತ್ತು ಸಾವಿರವಾಯಿತು. ಉಳಿದರೆ ಆ ಹಣ ಪ್ರಯೋಗದ ಉಪಕರಣಗಳಿಗೆ ಒದಗುತ್ತದೆ; ಉಳಿಯದಿದ್ದರೆ, ತಗಡನ್ನು ಕೊಟ್ಟು ತಗಡನ್ನು ಕೊಂಡ ಹಾಗಾಯಿತು.

ಪೆಟ್ಟಿಗೆಯ ಕೆಲಸವೇನು? ಮದರ್‌ಬೋರ್ಡನ್ನು ಅಲುಗದಂತೆ ಹಿಡಿದುಕೊಳ್ಳುವುದು, ಗಾಳಿಯಾಡಲು ದಾರಿ ಕೊಡುವುದು, ಒಳಗೆ ಹುಟ್ಟುವ ವಿದ್ಯುತ್ಕಾಂತ ತರಂಗಗಳು ಹೊರಗೆ ಹೋಗದಂತೆ ಲೋಹದ ಗೋಡೆಯಿಂದ ತಡೆಯುವುದು, ಮತ್ತು ಒಳಗಿನ ಪೋರ್ಟುಗಳು ಹೊರಗಿನ ತಂತಿಗಳನ್ನು ಕೂಡಲು ಕಿಂಡಿಗಳನ್ನು ಒದಗಿಸುವುದು. ಮೊದಲ ಮೂರು ಕೆಲಸಗಳಲ್ಲಿ ಪೆಟ್ಟಿಗೆ ಸುಲಭವಾಗಿ ಮುಪ್ಪಾಗದು. ಮುಪ್ಪು ಬರುವುದು ನಾಲ್ಕನೆಯದರಲ್ಲಿ, ಕಿಂಡಿಗಳ ವಿಷಯದಲ್ಲಿ. ಅದೂ ಎಲ್ಲ ಕಿಂಡಿಗಳಿಗೂ ಒಂದೇ ಬಗೆಯಾಗಿ ಬರುವುದಿಲ್ಲವೆಂಬುದನ್ನು ಇತಿಹಾಸ ತೋರಿಸುತ್ತದೆ.

1984ರಲ್ಲಿ ಐ.ಬಿ.ಎಂ. ಸಂಸ್ಥೆಯು ಪಿ.ಸಿ. ಎ.ಟಿ. ಎಂಬ ಯಂತ್ರವನ್ನು ಹೊರತಂದಿತು. ಅದನ್ನು ಅನುಸರಿಸಿ ಹುಟ್ಟಿದ ಪೆಟ್ಟಿಗೆಗಳ ಹಿಂಬದಿಯಲ್ಲಿ ಮದರ್‌ಬೋರ್ಡಿನ ಪಾಲಿಗೆ ಮೀಸಲಾಗಿದ್ದುದು ಕೀಲಿಮಣೆಯ ತಂತಿಗಾಗಿ ಕೊರೆದ ಒಂದು ದುಂಡು ತೂತು ಮಾತ್ರ. ಮುದ್ರಣಯಂತ್ರ ಮುಂತಾದವುಗಳ ಪೋರ್ಟುಗಳು ಬೇರೆ ಕಾರ್ಡುಗಳ ಮೇಲೆ ಅಥವಾ ತಂತಿಯಿಂದ ಎಳೆದು ತಂದ ಲೋಹದ ಪಟ್ಟಿಗಳ ಮೇಲೆ ಇರಬೇಕಾಗಿತ್ತು. ಕೀಲಿಮಣೆಯ ತುದಿಯ ಆಕಾರ ಬದಲಾದಾಗ ಆ ದುಂಡು ತೂತಿಗೆ ಕೆಲಸವೇ ಇಲ್ಲದಾಯಿತು. ತೂತನ್ನು ಕೊರೆದವರು ಅಂದಿನ ಅಗತ್ಯವನ್ನು ಕಚ್ಚಿತವಾಗಿ ಅಳೆದಿದ್ದರು. ಆ ಕಚ್ಚಿತತೆಯೇ ಮುಂದೆ ದೋಷವಾಗಿ ಪರಿಣಮಿಸಿತು.

1995ರಲ್ಲಿ ಇಂಟೆಲ್ ಸಂಸ್ಥೆ ಪ್ರಕಟಿಸಿದ ಎ.ಟಿ.ಎಕ್ಸ್. ಎಂಬ ನಿಯಮವು ಬೇರೊಂದು ದಾರಿಯನ್ನು ಹಿಡಿಯಿತು. ಯಾವ ಪೋರ್ಟು ಎಲ್ಲಿರಬೇಕೆಂದು ಪೆಟ್ಟಿಗೆಗೆ ಅದು ವಿಧಿಸಲಿಲ್ಲ. ಹಿಂಬದಿಯಲ್ಲಿ ಸುಮಾರು 159 ಮಿಲಿಮೀಟರ್ ಉದ್ದ, 44 ಮಿಲಿಮೀಟರ್ ಎತ್ತರದ ಒಂದು ಆಯತಾಕಾರದ ಬಯಲು ಕಿಂಡಿಯನ್ನು ಬಿಡಬೇಕೆಂದಷ್ಟೇ ಹೇಳಿತು. ಆ ಕಿಂಡಿಯನ್ನು ಮುಚ್ಚುವ ತೆಳು ತಗಡು ಮದರ್‌ಬೋರ್ಡಿನೊಡನೆ ಬರುತ್ತದೆ. ಬೋರ್ಡಿನಲ್ಲಿ ಯಾವ ಯಾವ ಪೋರ್ಟುಗಳಿವೆಯೋ ಅವಕ್ಕೆ ತಕ್ಕ ತೂತುಗಳು ಆ ತಗಡಿನಲ್ಲಿರುತ್ತವೆ. ಬೋರ್ಡು ಬದಲಾದರೆ ತಗಡು ಬದಲಾಗುತ್ತದೆ. ಪೆಟ್ಟಿಗೆ ಹಾಗೆಯೇ ಉಳಿಯುತ್ತದೆ. 1997ರ ಮೈಕ್ರೋ ಎ.ಟಿ.ಎಕ್ಸ್. ಮತ್ತು 2001ರ ಮಿನಿ ಐ.ಟಿ.ಎಕ್ಸ್. ಎಂಬ ಚಿಕ್ಕ ಬೋರ್ಡುಗಳೂ ಇದೇ ಕಿಂಡಿಯನ್ನೂ ಸ್ಕ್ರೂಗಳ ಇದೇ ಸ್ಥಾನಗಳಲ್ಲಿ ಕೆಲವನ್ನೂ ಉಳಿಸಿಕೊಂಡವು. ಮೂವತ್ತು ವರ್ಷಗಳಲ್ಲಿ ಈ ಆಯತದೊಳಗೆ ಎಷ್ಟೋ ಪೋರ್ಟುಗಳು ಬಂದು ಹೋದವು. ಮುದ್ರಣಯಂತ್ರದ 25 ಪಿನ್ನುಗಳ ಅಗಲವಾದ ಪೋರ್ಟು ಹೋಯಿತು, ಜಾಲದ ಪೋರ್ಟು ಬಂದಿತು. ನೀಲಿ ಬಣ್ಣದ ವಿ.ಜಿ.ಎ. ವಿರಳವಾಯಿತು, ಎಚ್.ಡಿ.ಎಂ.ಐ. ಬಂದಿತು, ಈಗ ಟೈಪ್-ಸಿ ಬಂದಿದೆ. ಇವುಗಳಲ್ಲಿ ಯಾವುದಕ್ಕೂ ಪೆಟ್ಟಿಗೆಯ ಬೆನ್ನನ್ನು ಕತ್ತರಿಸಬೇಕಾಗಲಿಲ್ಲ. ಈ ನಿಯಮದಂತೆ ಮಾಡಿದ ಎರಡು ದಶಕ ಹಿಂದಿನ ಪೆಟ್ಟಿಗೆಯಲ್ಲಿ ಇಂದಿನ ಮೈಕ್ರೋ ಎ.ಟಿ.ಎಕ್ಸ್. ಬೋರ್ಡು ನೆಮ್ಮದಿಯಾಗಿ ಕುಳಿತುಕೊಳ್ಳುತ್ತದೆ.

ಕರಾವಳಿಯವರಿಗೆ ಈ ತತ್ತ್ವ ಅಪರಿಚಿತವಲ್ಲ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ, ಒಂದರ ಅಂಚು ಇನ್ನೊಂದರ ಗಾಡಿಯಲ್ಲಿ ಕೂರುವ ಹಂಚು ನಮ್ಮ ಮಾಡುಗಳನ್ನು ಆವರಿಸಿತು. ಮುಂದೆ ಭಾರತೀಯ ಮಾನಕ ಸಂಸ್ಥೆಯು ಮಂಗಳೂರು ಮಾದರಿಯ ಹಂಚಿಗೆ ಐ.ಎಸ್. 654 ಎಂಬ ಮಾನಕವನ್ನೇ ರೂಪಿಸಿತು. ಹಂಚನ್ನು ಸುಡುವವರು ಯಾರು, ಅದರ ಕೆಳಗೆ ವಾಸಿಸುವವರು ಯಾರು ಎಂಬುದು ಇಂಥ ಮಾನಕಕ್ಕೆ ಬೇಕಾಗಿಲ್ಲ. ವಸ್ತುವು ಎಷ್ಟು ಗಟ್ಟಿಯಾಗಿರಬೇಕು, ಒಂದು ಇನ್ನೊಂದನ್ನು ಸಂಧಿಸುವ ಅಂಚಿನಲ್ಲಿ ಅಳತೆ ಹೇಗೆ ಹೊಂದಬೇಕು ಎಂಬುದಷ್ಟೇ ಅದರ ಚಿಂತೆ. ಒಳ್ಳೆಯ ನಿಯಮದ ಲಕ್ಷಣವೇ ಇದು: ಅಂಚನ್ನು ಬಿಗಿಯಾಗಿ ಗೊತ್ತುಮಾಡುತ್ತದೆ, ಒಳಗನ್ನು ಸ್ವತಂತ್ರವಾಗಿ ಬಿಡುತ್ತದೆ. ಎ.ಟಿ.ಎಕ್ಸ್. ಪೆಟ್ಟಿಗೆಯ ಬೆನ್ನು ಇಂಥ ನಿಯಮಕ್ಕೆ ಒಳಪಟ್ಟಿದೆ. ಅದರ ಮುಖದ ಕಥೆ ಬೇರೆ.

ಪೆಟ್ಟಿಗೆಯ ಮುಂಭಾಗಕ್ಕೆ ಪೋರ್ಟುಗಳು ಬಂದುದು ಯು.ಎಸ್.ಬಿ.ಯ ಕಾಲದಲ್ಲಿ. ಈ ಸಂಪರ್ಕ ವಿಧಾನದ ಮೊದಲ ನಿಯಮ ಹೊರಬಂದುದು 1996ರ ಜನವರಿಯಲ್ಲಿ. ಅದನ್ನು ರೂಪಿಸಿದವರಲ್ಲಿ ವಡೋದರದಲ್ಲಿ ವ್ಯಾಸಂಗ ಮಾಡಿ ಇಂಟೆಲ್ ಸಂಸ್ಥೆಯನ್ನು ಸೇರಿದ ಅಜಯ್ ಭಟ್ಟರು ಪ್ರಮುಖರು. 2000ದಲ್ಲಿ ಯು.ಎಸ್.ಬಿ. 2.0 ಬಂದು ಸೆಕೆಂಡಿಗೆ 48 ಕೋಟಿ ಬಿಟ್‌ಗಳ ವೇಗವನ್ನು ತಂದಿತು. ಪೆನ್‌ಡ್ರೈವ್ ಮನೆಮಾತಾಯಿತು, ಪ್ರತಿಸಲವೂ ಯಂತ್ರದ ಹಿಂದೆ ಕೈ ತಡಕಾಡುವ ಕಷ್ಟವನ್ನು ನಿವಾರಿಸಲು ತಯಾರಕರು ಮುಂಭಾಗದಲ್ಲಿ ಎರಡು ಪೋರ್ಟುಗಳನ್ನಿಟ್ಟರು. ಆದರೆ ಅವಕ್ಕೆ ಬಯಲು ಕಿಂಡಿಯ ನಿಯಮವಿರಲಿಲ್ಲ. ಪ್ಲಾಸ್ಟಿಕ್ಕಿನ ಮುಖದಲ್ಲಿ ಆ ಪೋರ್ಟಿನ ಆಕಾರಕ್ಕೇ ಸರಿಯಾಗಿ ತೂತು ಕೊರೆದು, ಪೋರ್ಟನ್ನು ಹಿಂದಿನಿಂದ ಕೂಡಿಸಿ, ಒಂದು ತಂತಿಯನ್ನು ಒಳಗಿನ ಬೋರ್ಡಿಗೆ ಎಳೆದರು. 1984ರ ದುಂಡು ತೂತು ಇನ್ನೊಂದು ರೂಪದಲ್ಲಿ ಮತ್ತೆ ಹುಟ್ಟಿತು.

2008ರ ನವೆಂಬರಿನಲ್ಲಿ ಯು.ಎಸ್.ಬಿ. 3.0 ಬಂದಿತು. ಹಳೆಯದರಲ್ಲಿ ನಾಲ್ಕು ತಂತಿಗಳು: ಎರಡು ವಿದ್ಯುತ್ತಿಗೆ, ಹೆಣೆದ ಎರಡು ಸಂಕೇತಕ್ಕೆ. ಹೊಸದರಲ್ಲಿ ಒಂಬತ್ತು. ಆ ಐದು ಹೊಸ ಸ್ಪರ್ಶಬಿಂದುಗಳನ್ನು ಹಳೆಯ ನಾಲ್ಕನ್ನು ಮುಟ್ಟದಂತೆ ಇನ್ನಷ್ಟು ಒಳಕ್ಕೆ ಇಟ್ಟದ್ದರಿಂದ, ಹಳೆಯ ಪೆನ್‌ಡ್ರೈವ್ ಹೊಸ ಪೋರ್ಟಿನಲ್ಲಿಯೂ ಹೊಸ ಪೆನ್‌ಡ್ರೈವ್ ಹಳೆಯ ಪೋರ್ಟಿನಲ್ಲಿಯೂ ಕೆಲಸ ಮಾಡುತ್ತವೆ. 2014ರಲ್ಲಿ ಬಂದ ಟೈಪ್-ಸಿ ಆಕಾರವನ್ನೇ ಬದಲಿಸಿತು. ಯಾವ ಮಗ್ಗುಲಿನಿಂದ ಚುಚ್ಚಿದರೂ ಹಿಡಿಯುವ ಆ ಪುಟ್ಟ ಪೋರ್ಟಿನಲ್ಲಿ 24 ಸ್ಪರ್ಶಬಿಂದುಗಳು. ಅವುಗಳ ನಡುವೆ ಹಳೆಯ ಎರಡು ಸಂಕೇತದ ತಂತಿಗಳಿಗೂ ಸ್ಥಾನ ಉಳಿದಿದೆ. ಆಕಾರ ಬದಲಾಯಿತು, ಹಳೆಯ ಭಾಷೆ ಅಳಿಯಲಿಲ್ಲ. ಸಾಧನಗಳ ನಡುವೆ ಇಷ್ಟು ಎಚ್ಚರಿಕೆಯಿಂದ ಕಾಪಾಡಿದ ಹೊಂದಾಣಿಕೆಯನ್ನು ಪೆಟ್ಟಿಗೆಯ ಒಳಗಡೆ ಕಾಪಾಡಲಿಲ್ಲವೆಂಬುದೇ ನಮ್ಮ ಆಕ್ಷೇಪ. ಮುಂಭಾಗದ ತಂತಿಯನ್ನು ಬೋರ್ಡಿಗೆ ಜೋಡಿಸುವ ಸ್ಥಾನ ಯು.ಎಸ್.ಬಿ. 2.0ರಲ್ಲಿ ಒಂಬತ್ತು ಪಿನ್ನುಗಳದು, 3.0ರಲ್ಲಿ ಹತ್ತೊಂಬತ್ತು ಪಿನ್ನುಗಳದು, ಟೈಪ್-ಸಿಗೆ ಬೇರೆಯೇ ಆಕಾರದ ಇಪ್ಪತ್ತು ಸ್ಪರ್ಶಬಿಂದುಗಳದು. ಒಂದರ ತಂತಿ ಇನ್ನೊಂದಕ್ಕೆ ಕೂರದು.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಸಂದೇಹ ಹುಟ್ಟಬಹುದು. ಹಳೆಯ ಪೆಟ್ಟಿಗೆಯಲ್ಲಿ ಈಗಾಗಲೇ ಇರುವ ತಂತಿಗೆ ಹೊಸ ಪೋರ್ಟನ್ನು ಬೆಸುಗೆ ಹಾಕಿದರೆ ಸಾಲದೆ? ತಾಮ್ರ ತಾಮ್ರವೇ ಅಲ್ಲವೆ? ತಂತಿಗಳ ಸಂಖ್ಯೆ ಸಾಲದೆಂಬುದು ಒಂದು ಉತ್ತರ. ಆದರೆ ಭೌತಶಾಸ್ತ್ರದ ಉತ್ತರ ಇನ್ನೂ ಸ್ವಾರಸ್ಯವಾದುದು. ವಿದ್ಯುತ್ ಸಂಕೇತವು ಇಂಥ ತಂತಿಯಲ್ಲಿ ಬೆಳಕಿನ ವೇಗದ ಸುಮಾರು ಮೂರನೆಯ ಎರಡು ಭಾಗದಷ್ಟು ವೇಗದಿಂದ, ಅಂದರೆ ಒಂದು ನ್ಯಾನೊಸೆಕೆಂಡಿನಲ್ಲಿ ಸುಮಾರು 20 ಸೆಂಟಿಮೀಟರ್ ಸಾಗುತ್ತದೆ. ಮೊದಲ ಯು.ಎಸ್.ಬಿ.ಯ ಪೂರ್ಣ ವೇಗ ಸೆಕೆಂಡಿಗೆ 1.2 ಕೋಟಿ ಬಿಟ್. ಒಂದು ಬಿಟ್ ತಂತಿಯ ಮೇಲೆ 16 ಮೀಟರಿಗೂ ಹೆಚ್ಚು ಉದ್ದವನ್ನು ಆಕ್ರಮಿಸುತ್ತದೆ. ಪೆಟ್ಟಿಗೆಯೊಳಗಿನ ತಂತಿಯ ಉದ್ದವೊ ಅರ್ಧ ಮೀಟರಿನ ಆಸುಪಾಸು. ಆನೆಗೆ ಅಂಗಳದ ಸಣ್ಣ ಗುಂಡಿ ಹೇಗೋ ಹಾಗೆ, ಆ ಉದ್ದನೆಯ ಬಿಟ್‌ಗೆ ತಂತಿಯ ಕೊರತೆಗಳು ಲೆಕ್ಕಕ್ಕೇ ಬರುವುದಿಲ್ಲ. ಯು.ಎಸ್.ಬಿ. 2.0ರಲ್ಲಿ ಒಂದು ಬಿಟ್‌ನ ಉದ್ದ ಸುಮಾರು 42 ಸೆಂಟಿಮೀಟರಿಗೆ ಇಳಿಯಿತು. ಯು.ಎಸ್.ಬಿ. 3.0ರಲ್ಲಿ ಸೆಕೆಂಡಿಗೆ 500 ಕೋಟಿ ಬಿಟ್; ಒಂದರ ಉದ್ದ 4 ಸೆಂಟಿಮೀಟರ್ ಮಾತ್ರ. ಸೆಕೆಂಡಿಗೆ 1,000 ಕೋಟಿ ಬಿಟ್ ಸಾಗಿಸುವ ಇಂದಿನ ಪೋರ್ಟಿನಲ್ಲಿ ಅದು ಕೇವಲ 2 ಸೆಂಟಿಮೀಟರ್. 60 ಸೆಂಟಿಮೀಟರ್ ಉದ್ದದ ತಂತಿಯಲ್ಲಿ ಮೂವತ್ತು ಬಿಟ್‌ಗಳು ಒಂದರ ಹಿಂದೊಂದರಂತೆ ಓಡುತ್ತಿರುತ್ತವೆಂದಾಯಿತು.

ತೆಳು ಹಗ್ಗವೊಂದನ್ನು ದಪ್ಪ ಹಗ್ಗಕ್ಕೆ ಗಂಟು ಹಾಕಿ ತುದಿಯನ್ನು ಒಮ್ಮೆ ಕುಲುಕಿದರೆ, ಗಂಟಿನಲ್ಲಿ ಅಲೆಯ ಒಂದು ಭಾಗ ಹಿಂದಿರುಗಿ ಬರುವುದನ್ನು ಕಾಣಬಹುದು. ತಂತಿಯಲ್ಲಿಯೂ ಹಾಗೆಯೇ. ಹೆಣೆದ ಜೋಡಿಯ ಎಳೆಗಳ ನಡುವಣ ಅಂತರ, ಅವುಗಳ ಹೊದಿಕೆ, ಬೆಸುಗೆಯ ಗಂಟು—ಇವು ಬದಲಾದಲ್ಲೆಲ್ಲ ಇಂಪೀಡೆನ್ಸ್ ಎಂಬ ಗುಣ ಬದಲಾಗುತ್ತದೆ. ಬದಲಾದಲ್ಲೆಲ್ಲ ಸಂಕೇತದ ಅಂಶವೊಂದು ಪ್ರತಿಫಲಿಸುತ್ತದೆ. ಬಿಟ್ ಉದ್ದವಾಗಿದ್ದಾಗ ಈ ಪ್ರತಿಧ್ವನಿ ಅದೇ ಬಿಟ್‌ನಲ್ಲಿ ಕರಗಿಹೋಗುತ್ತದೆ. ಗಿಡ್ಡವಾಗಿದ್ದಾಗ, ಮೊದಲ ಮಾತಿನ ಪ್ರತಿಧ್ವನಿ ಹತ್ತನೆಯ ಮಾತಿನ ಮೇಲೆ ಬೀಳುತ್ತದೆ. ಕೇಳುವವನಿಗೆ ಅರ್ಥ ತಪ್ಪುತ್ತದೆ. ಆದುದರಿಂದ ಹೊಸ ಪೋರ್ಟಿಗೆ ಅದಕ್ಕೆಂದೇ ಮಾಡಿದ ತಂತಿ ಬೇಕು. ಹತ್ತೊಂಬತ್ತು ಪಿನ್ನನ್ನು ಒಂಬತ್ತಕ್ಕೆ ಇಳಿಸುವ ಸಣ್ಣ ಜೋಡಣೆಗಳು ದೊರೆಯುತ್ತವೆ. ಅವು ಪೋರ್ಟಿಗೆ ಜೀವ ಕೊಡುತ್ತವೆ. ವೇಗ ಮಾತ್ರ ಯು.ಎಸ್.ಬಿ. 2.0ರ ಮಿತಿಯನ್ನು ದಾಟುವುದಿಲ್ಲ. ಅಗ್ಗದ ಉಪಾಯದಿಂದ ಪ್ರಕೃತಿಯ ನಿಯಮವನ್ನು ವಂಚಿಸಲಾಗದು.

ಹಾಗಾದರೆ ಹಳೆಯ ಪೆಟ್ಟಿಗೆಯ ಮುಖಕ್ಕೆ ಗತಿಯಿಲ್ಲವೆ? ಇದೆ, ಅದು ಅನಿರೀಕ್ಷಿತವಾದ ಕಡೆಯಿಂದ ಬರುತ್ತದೆ. 2000ದ ದಶಕದ ಬಹುಪಾಲು ಪೆಟ್ಟಿಗೆಗಳ ಮುಖದಲ್ಲಿ ಮೂರೂವರೆ ಅಂಗುಲದ ಫ್ಲಾಪಿ ಡ್ರೈವಿಗಾಗಿ ಒಂದು ಅಡ್ಡ ಸಂದು ಇರುತ್ತಿತ್ತು: ಸುಮಾರು 102 ಮಿಲಿಮೀಟರ್ ಅಗಲ, 25 ಮಿಲಿಮೀಟರ್ ಎತ್ತರ. ಸಿ.ಡಿ. ಡ್ರೈವಿಗಾಗಿ ಇನ್ನೂ ದೊಡ್ಡ ಸಂದುಗಳು ಇರುತ್ತಿದ್ದವು. ಫ್ಲಾಪಿಯ ಯುಗ ಮುಗಿಯಿತು. ಅದರ ದೊಡ್ಡ ತಯಾರಕರಲ್ಲೊಂದಾದ ಸೋನಿ ಸಂಸ್ಥೆ 2011ರಲ್ಲಿ ಮಾರಾಟವನ್ನು ನಿಲ್ಲಿಸಿತು. ಡ್ರೈವು ಹೋಯಿತು, ಸಂದು ಉಳಿಯಿತು. ಆ ಸಂದಿನ ಅಳತೆಯನ್ನು ಎಲ್ಲರೂ ಒಪ್ಪಿದ್ದುದರಿಂದ, ಅದಕ್ಕೆ ಸರಿಯಾಗಿ ಕೂರುವ ಯು.ಎಸ್.ಬಿ. 3.0 ಮತ್ತು ಟೈಪ್-ಸಿ ಪೋರ್ಟುಗಳ ಫಲಕಗಳನ್ನು, ತಕ್ಕ ತಂತಿಯ ಸಹಿತ, ಇಂದು ಕೊಳ್ಳಬಹುದು. ನಾಲ್ಕು ಸ್ಕ್ರೂಗಳ ಕೆಲಸ. ಫ್ಲಾಪಿಯನ್ನು ಕಲ್ಪಿಸಿದವರ ಕನಸಿನಲ್ಲಿಯೂ ಟೈಪ್-ಸಿ ಇರಲಿಲ್ಲ. ಆದರೂ ಅವರು ಗೊತ್ತುಮಾಡಿದ ಒಂದು ಸರಳ ಆಯತವು ಅದನ್ನು ಬರಮಾಡಿಕೊಳ್ಳುತ್ತದೆ. ಆ ಸಂದಿನ ಪಕ್ಕದಲ್ಲಿಯೇ ಕಚ್ಚಿತವಾಗಿ ಕೊರೆದ ಯು.ಎಸ್.ಬಿ. ತೂತಾದರೊ ಹೊಸಬನಿಗೆ ಬಾಗಿಲು ತೆರೆಯದು.

ಮದರ್‌ಬೋರ್ಡು ಹೊಸದಾಗಿದ್ದರೆ ಜೋಡಣೆಯ ಸ್ಥಾನ ಅದರಲ್ಲೇ ಇರುತ್ತದೆ. ಹಳೆಯ ಬೋರ್ಡನ್ನೇ ಉಳಿಸಿಕೊಳ್ಳುವುದಾದರೆ ಪಿ.ಸಿ.ಐ. ಎಕ್ಸ್‌ಪ್ರೆಸ್ ಸಂದಿನಲ್ಲಿ ಒಂದು ಕಾರ್ಡನ್ನು ಕೂರಿಸಬೇಕಾಗುತ್ತದೆ. ಆಗ ಆ ಸಂದಿನ ಮಿತಿಯೇ ಪೋರ್ಟಿನ ಮಿತಿ. ಆ ಸಂದಿನ ಎರಡನೆಯ ಪೀಳಿಗೆಯ ಒಂದು ಪಥವು ಸೆಕೆಂಡಿಗೆ 400 ಕೋಟಿ ಬಿಟ್‌ಗಿಂತ ಹೆಚ್ಚು ಮಾಹಿತಿಯನ್ನು ಸಾಗಿಸಲಾರದು. ಕಾರ್ಡಿನ ಮೇಲೆ 1,000 ಕೋಟಿ ಎಂದು ಬರೆದಿದ್ದರೂ ಫಲ ಅಷ್ಟೇ. ಇನ್ನೊಂದು ಎಚ್ಚರಿಕೆಯ ಮಾತು. ಕೆಲವು ಹಳೆಯ ಬೋರ್ಡುಗಳಲ್ಲಿ ಫೈರ್‌ವೈರ್ ಎಂಬ ಬೇರೊಂದು ಸಂಪರ್ಕದ ಪಿನ್ನುಗಳೂ ಯು.ಎಸ್.ಬಿ.ಯವುಗಳಂತೆಯೇ ಒಂಬತ್ತು ಇರುತ್ತವೆ, ಅದೇ ಆಕಾರದಲ್ಲಿ. ಅವುಗಳಲ್ಲಿ ಬರುವುದು 12 ವೋಲ್ಟ್, ಯು.ಎಸ್.ಬಿ. ಸಾಧನಕ್ಕೆ ಬೇಕಾದುದು 5 ವೋಲ್ಟ್. ಮುಂಭಾಗದ ತಂತಿಯನ್ನು ಅಲ್ಲಿಗೆ ಚುಚ್ಚಿದರೆ ಪೆನ್‌ಡ್ರೈವ್ ಆ ಕ್ಷಣದಲ್ಲಿಯೇ ಸುಟ್ಟುಹೋದೀತು. ಬೋರ್ಡಿನ ಕೈಪಿಡಿಯನ್ನು ಓದದೆ ಕೈ ಹಾಕಬಾರದು.

ನಮ್ಮ ಮತಕ್ಕೆ ವಿರೋಧವಾಗಿ ಹೇಳಬಹುದಾದ ಮಾತುಗಳೂ ಇವೆ. ಅವನ್ನು ಮರೆಮಾಚುವುದು ವಿಜ್ಞಾನದ ವಿದ್ಯಾರ್ಥಿಗೆ ತಕ್ಕುದಲ್ಲ. ಮೊದಲನೆಯದಾಗಿ, ಎಲ್ಲ ಹಳೆಯ ಪೆಟ್ಟಿಗೆಗಳೂ ಎ.ಟಿ.ಎಕ್ಸ್. ನಿಯಮಕ್ಕೆ ಒಳಪಟ್ಟವಲ್ಲ. ಸಂಸ್ಥೆಗಳು ಒಟ್ಟಾಗಿ ಕೊಂಡ ಸಿದ್ಧಯಂತ್ರಗಳಲ್ಲಿ ಹಲವಕ್ಕೆ ತಮ್ಮದೇ ಅಳತೆಯ ಬೋರ್ಡು, ತಮ್ಮದೇ ಆಕಾರದ ವಿದ್ಯುತ್ ಪೂರೈಕೆಯ ಘಟಕ; ಹಿಂಬದಿಯ ತೂತುಗಳನ್ನು ಪೆಟ್ಟಿಗೆಯ ಬೆನ್ನಿನಲ್ಲಿಯೇ ಅಚ್ಚೊತ್ತಿರುತ್ತಾರೆ. ಅಂಥ ಪೆಟ್ಟಿಗೆಯನ್ನು ಉಳಿಸುವುದು ಕಷ್ಟ. ಎರಡನೆಯದಾಗಿ, ಇಂದಿನ ಬಲವಾದ ಗ್ರಾಫಿಕ್ಸ್ ಕಾರ್ಡುಗಳು ಹೊರಸೂಸುವ ಶಾಖವನ್ನು ಸಾಗಿಸಲು ಹಳೆಯ ಪೆಟ್ಟಿಗೆಯ ಒಂದು ಸಣ್ಣ ಫ್ಯಾನು ಸಾಲದು. ಆದರೆ ಪ್ರೋಗ್ರಾಮಿಂಗ್ ಕಲಿಸುವ, ಪ್ರಯೋಗದ ಅಂಕಿಗಳನ್ನು ಗ್ರಾಫಿಗೆ ಏರಿಸುವ ಕಾಲೇಜಿನ ಯಂತ್ರಕ್ಕೆ ಅಂಥ ಕಾರ್ಡಿನ ಅಗತ್ಯವಿಲ್ಲ.

ಮೂರನೆಯದು ನಮ್ಮ ಊರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ. ಗಂಗೊಳ್ಳಿಯಿಂದ ಶಿರೂರಿನವರೆಗೆ ಉಪ್ಪುಗಾಳಿ ಮುಟ್ಟದ ಊರುಗಳು ಕಡಲಂಚಿನಲ್ಲಿಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಈ ಜಿಲ್ಲೆಯಲ್ಲಿ ತೇವವೂ ಲವಣವೂ ಕೂಡಿ ತೆಳು ಉಕ್ಕನ್ನು ತಿನ್ನುತ್ತವೆ. ತುಕ್ಕು ಬರಿಯ ಅಂದಗೇಡಲ್ಲ. ಹಿಂಬದಿಯ ತಗಡಿನ ಸ್ಪ್ರಿಂಗಿನಂಥ ನಾಲಿಗೆಗಳು ಪೋರ್ಟುಗಳ ಲೋಹವನ್ನು ಪೆಟ್ಟಿಗೆಗೆ ವಿದ್ಯುತ್ತಿನ ದೃಷ್ಟಿಯಿಂದ ಕೂಡಿಸುತ್ತವೆ. ತುಕ್ಕು ಹಿಡಿದಲ್ಲಿ ಆ ಸಂಪರ್ಕ ಕಡಿದು, ತರಂಗಗಳನ್ನು ತಡೆಯುವ ಗೋಡೆಯಲ್ಲಿ ಬಿರುಕು ಬಿಟ್ಟಂತಾಗುತ್ತದೆ. ಆದುದರಿಂದ ಪೆಟ್ಟಿಗೆಯನ್ನು ಉಳಿಸಬೇಕೆ ಬೇಡವೆ ಎಂಬ ತೀರ್ಮಾನಕ್ಕೆ ಅದರ ವಯಸ್ಸು ಆಧಾರವಾಗಬಾರದು. ಅದರ ಲೋಹವೂ ಅಳತೆಯೂ ಆಧಾರವಾಗಬೇಕು. ಬೋರ್ಡನ್ನು ಹೊರುವ ತಟ್ಟೆ ತುಕ್ಕು ಹಿಡಿದು ಉದುರುತ್ತಿದ್ದರೆ ಬಿಡತಕ್ಕದ್ದೇ ಸರಿ. ಅಲ್ಲಲ್ಲಿ ಕಲೆಯಿದ್ದರೆ ಉಜ್ಜಿ ಬಣ್ಣ ಬಳಿದು, ತಗಡು ಮುಟ್ಟುವ ಅಂಚನ್ನು ಮಾತ್ರ ಬಣ್ಣ ತಾಗದಂತೆ ಉಳಿಸಿಕೊಳ್ಳಬಹುದು.

ಹೊಸ ಪೋರ್ಟು ಎಲ್ಲ ಕೆಲಸಕ್ಕೂ ಬೇಕೆ ಎಂಬುದನ್ನೂ ವಿಚಾರಿಸಬೇಕು. ಕೀಲಿಮಣೆಗೂ ಮೌಸಿಗೂ 1996ರ ವೇಗವೇ ಸಾಕು. ಯು.ಎಸ್.ಬಿ. 3.0 ಸಂಕೇತಗಳ ಗದ್ದಲವು 2.4 ಗಿಗಾಹರ್ಟ್ಸ್ ಪಟ್ಟಿಯ ನಿಸ್ತಂತು ಸಾಧನಗಳಿಗೆ ಅಡ್ಡಿಯಾಗಬಲ್ಲುದೆಂದು 2012ರಲ್ಲಿ ಇಂಟೆಲ್ ಸಂಸ್ಥೆಯೇ ಪ್ರಕಟಿಸಿತು. ತಂತಿಯಿಲ್ಲದ ಮೌಸಿನ ಪುಟ್ಟ ಗ್ರಾಹಕವನ್ನು ಹಳೆಯ 2.0 ಪೋರ್ಟಿಗೆ ಚುಚ್ಚಿದಾಗ ಅದು ಹೆಚ್ಚು ನೆಮ್ಮದಿಯಿಂದ ಕೆಲಸ ಮಾಡುವುದುಂಟು. ಹಳೆಯ ಪೋರ್ಟು ನಿರುಪಯೋಗಿ ಎಂಬ ಭಾವನೆ ಜಾಹೀರಾತಿನದು.

ಪರಿಸರದ ಲೆಕ್ಕವನ್ನೂ ಅತಿಶಯೋಕ್ತಿಯಿಲ್ಲದೆ ನೋಡೋಣ. ಒಂದು ಟನ್ ಉಕ್ಕನ್ನು ತಯಾರಿಸುವಾಗ ಜಗತ್ತಿನ ಸರಾಸರಿಯಂತೆ ಸುಮಾರು 2 ಟನ್ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ಪೆಟ್ಟಿಗೆಯಲ್ಲಿ 5 ಕಿಲೊಗ್ರಾಂ ಉಕ್ಕಿದೆಯೆಂದು ಹಿಡಿದರೆ ಇಪ್ಪತ್ತು ಪೆಟ್ಟಿಗೆಗಳಿಗೆ ಸುಮಾರು 200 ಕಿಲೊಗ್ರಾಂ ಆಯಿತು. ಇದರಿಂದ ಜಗತ್ತು ಉದ್ಧಾರವಾಗದು. ಆದರೆ ಪೆಟ್ಟಿಗೆ ಎಂದೂ ಒಂಟಿಯಾಗಿ ಗುಜರಿಗೆ ಹೋಗುವುದಿಲ್ಲ. ಅದರೊಡನೆ ಇನ್ನೂ ಗಟ್ಟಿಯಾಗಿರುವ ವಿದ್ಯುತ್ ಘಟಕ, ಫ್ಯಾನು, ಡಿಸ್ಕು, ತಂತಿಗಳ ಕಂತೆ ಎಲ್ಲವೂ ಹೋಗುತ್ತವೆ. ಪೆಟ್ಟಿಗೆ ಉಳಿದರೆ ಅದನ್ನು ತೆರೆಯುವ ಪ್ರಸಂಗ ಬರುತ್ತದೆ. ತೆರೆದವರು ಯಾವುದು ಕೆಟ್ಟಿದೆ, ಯಾವುದು ಕೆಟ್ಟಿಲ್ಲ ಎಂದು ಕೇಳುತ್ತಾರೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಬಿಡಿಸಿ ಕರಗಿಸುವವರನ್ನಷ್ಟೇ ಅಲ್ಲದೆ ದುರಸ್ತಿಮಾಡಿ ಮರುಬಳಕೆಗೆ ತರುವವರನ್ನೂ ಗುರುತಿಸಿವೆ. ಕಾನೂನೇ ಒಪ್ಪಿದ ಈ ಮಾರ್ಗವು ನಮ್ಮ ಪ್ರಯೋಗಶಾಲೆಗಳಿಗೆ ಮೊದಲನೆಯ ಮಾರ್ಗವಾಗಬೇಕು, ಗುಜರಿ ಕೊನೆಯದು.

ಇನ್ನು ಮುಂದಿನ ಮಾತು. ಕಳೆದ ಸುಮಾರು ಹತ್ತು ವರ್ಷಗಳಲ್ಲಿ ಬಂದ ಅನೇಕ ಪೆಟ್ಟಿಗೆಗಳ ಮುಖವನ್ನು ಗಾಜು, ಜಾಲರಿ, ಬಣ್ಣದ ದೀಪಗಳು ಆವರಿಸಿವೆ. ಅಡ್ಡ ಸಂದುಗಳು ಮಾಯವಾಗಿವೆ. ಪೋರ್ಟುಗಳಿಗೆ ಕಚ್ಚಿತವಾದ ತೂತುಗಳು ಮಾತ್ರ ಉಳಿದಿವೆ. ನೋಡಲು ಇವು ಹೊಸವು. ಭವಿಷ್ಯವನ್ನು ಬರಮಾಡಿಕೊಳ್ಳುವ ಶಕ್ತಿಯಲ್ಲಿ ಇಪ್ಪತ್ತು ವರ್ಷ ಹಿಂದಿನ ಬೂದುಬಣ್ಣದ ಪೆಟ್ಟಿಗೆಗಿಂತ ಹಿಂದುಳಿದವು. ಟೈಪ್-ಸಿಯ ಮುಂದಿನ ಪೋರ್ಟು ಬಂದ ದಿನ ಇವುಗಳ ಮುಖಕ್ಕೆ ಯಾವ ಫ್ಲಾಪಿಯ ಸಂದೂ ಆಸರೆಯಾಗದು.

ಐರೋಪ್ಯ ಒಕ್ಕೂಟವು 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರುವ ಹೊಸ ಮೊಬೈಲು ಮುಂತಾದವಕ್ಕೆ ಟೈಪ್-ಸಿಯನ್ನು ಕಡ್ಡಾಯ ಮಾಡಿತು; ನಮ್ಮ ದೇಶದ ಭಾರತೀಯ ಮಾನಕ ಬ್ಯೂರೊ ಕೂಡ ಟೈಪ್-ಸಿಗೆ ಮಾನಕವನ್ನು ಪ್ರಕಟಿಸಿದೆ. ಒಂದೇ ಬಗೆಯ ಪೋರ್ಟು ಇರಬೇಕೆಂಬ ಈ ಪ್ರಯತ್ನ ಸ್ವಾಗತಾರ್ಹ. ಆದರೆ ಯಾವ ಪೋರ್ಟೂ ಶಾಶ್ವತವಲ್ಲವೆಂಬುದನ್ನು ನಾವು ಮೇಲೆ ಕಂಡೆವು. ಪೋರ್ಟಿಗೆ ನಿಯಮವಿರುವಂತೆ, ಪೋರ್ಟು ಬದಲಾಗುವ ಜಾಗಕ್ಕೂ ನಿಯಮವಿರಬೇಕು. ಬೆನ್ನಿಗೆ 1995ರಲ್ಲಿಯೇ ದೊರೆತ ಬಯಲು ಆಯತ ಪೆಟ್ಟಿಗೆಯ ಮುಖಕ್ಕೂ ದೊರೆಯಲಿ: ಎಲ್ಲರೂ ಒಪ್ಪಿದ ಅಳತೆ, ಕಳಚಿ ಹಾಕಬಹುದಾದ ಒಂದು ಫಲಕ.

ಅಂಥ ನಿಯಮ ಬರುವವರೆಗೆ ಕೊಳ್ಳುವವರ ಕೈಯಲ್ಲಿಯೂ ಸ್ವಲ್ಪ ಅಧಿಕಾರವಿದೆ. ಯಂತ್ರಗಳಿಗೆ ದರಪಟ್ಟಿ ಕೇಳುವಾಗ ಕಾಲೇಜುಗಳು ಮೂರು ಸಾಲುಗಳನ್ನು ಹೆಚ್ಚಾಗಿ ಬರೆಯಲಿ. ಪೆಟ್ಟಿಗೆಯೂ ಬೋರ್ಡೂ ಎ.ಟಿ.ಎಕ್ಸ್. ಅಥವಾ ಮೈಕ್ರೋ ಎ.ಟಿ.ಎಕ್ಸ್. ಅಳತೆಯವಾಗಿರಬೇಕು, ಹಿಂಬದಿಯ ತಗಡು ಕಳಚಿ ಬರುವಂತಿರಬೇಕು, ಮುಖದಲ್ಲಿ ಹೊರಕ್ಕೆ ತೆರೆಯುವ ಒಂದಾದರೂ ಸಂದು ಖಾಲಿ ಇರಬೇಕು. ಈ ಮೂರು ಸಾಲುಗಳಿಗೆ ತಗಲುವ ವೆಚ್ಚ ಅಲ್ಪ. ಹತ್ತು ವರ್ಷಗಳ ಮೇಲೆ ಆ ಕುರ್ಚಿಯಲ್ಲಿ ಕುಳಿತವರು ಅದರ ಬೆಲೆಯನ್ನು ಅರಿಯುತ್ತಾರೆ.

ವಿದ್ಯಾರ್ಥಿಮಿತ್ರರು ಮಾಡಬಹುದಾದ ಕೆಲಸವೂ ಇದೆ. ತಮ್ಮ ಶಾಲೆಯ ಮೂಲೆಯಲ್ಲಿ ಬಿದ್ದಿರುವ ಪೆಟ್ಟಿಗೆಗಳನ್ನು, ಅಧ್ಯಾಪಕರ ಅನುಮತಿ ಪಡೆದು, ವಿದ್ಯುತ್ ತಂತಿಯನ್ನು ಕಿತ್ತಿಟ್ಟು, ಒಂದು ಅಳತೆಪಟ್ಟಿಯಿಂದ ಅಳೆಯಲಿ. ವಿದ್ಯುತ್ ಘಟಕವನ್ನು ಮಾತ್ರ ಯಾರೂ ಬಿಚ್ಚಬಾರದು. ತಂತಿ ಕಿತ್ತ ಮೇಲೆಯೂ ಅದರೊಳಗಿನ ಕೆಪಾಸಿಟರುಗಳು ಅಪಾಯಕರವಾದ ಆವೇಶವನ್ನು ಹಿಡಿದಿಟ್ಟುಕೊಂಡಿರಬಹುದು. ಹಿಂಬದಿಯ ಕಿಂಡಿ 159 ಮತ್ತು 44 ಮಿಲಿಮೀಟರ್ ಇದೆಯೆ? ತಗಡು ಕಳಚುತ್ತದೆಯೆ? ಮುಖದಲ್ಲಿ ಸಂದಿದೆಯೆ? ಬೋರ್ಡು ಕೂರುವ ತಟ್ಟೆ ಗಟ್ಟಿಯಿದೆಯೆ? ಈ ನಾಲ್ಕು ಪ್ರಶ್ನೆಗಳಿಗೂ ಹೌದೆಂಬ ಉತ್ತರ ಬಂದ ಪೆಟ್ಟಿಗೆಯ ಮೇಲೆ ಸೀಮೆಸುಣ್ಣದಿಂದ ಒಂದು ಗುರುತು ಹಾಕಿ, ಯಾದಿಯನ್ನು ಅಧ್ಯಾಪಕರ ಕೈಗೆ ಕೊಡಲಿ. ಗುರುತಿರುವ ಪೆಟ್ಟಿಗೆಯನ್ನು ಗುಜರಿಯವನ ತಕ್ಕಡಿಗೆ ಏರಿಸುವ ಮೊದಲು ಯಾರಾದರೂ ಒಬ್ಬರು ಕಾರಣ ಹೇಳಬೇಕಾಗುತ್ತದೆ. ಅಷ್ಟಾದರೂ ಸಾಕು.